ಗೆರೆಗೆ ನಿಲ್ಲದ ಚುಕ್ಕೆ

"ಆ ಚುಕ್ಕೆ ಒರೆಸಿದ್ರೆ ಇವತ್ತೇ ಸಹಿ ಹಾಕ್ತೀನಿ," ಅಂದರು ನನ್ನ ಮಾರ್ಗದರ್ಶಕರು. "ಇಲ್ದಿದ್ರೆ ನಿನ್ನ ಪ್ರಬಂಧ ನನ್ನ ಮೇಜಿನ ಮೇಲೇ ಮುದಿಯಾಗುತ್ತೆ."

ತಾಮ್ರದ ಅಯಾನುಗಳು ಸೂಸುವ ಒಂದೊಂದು ಬೆಳಕಿಗೂ ನಕ್ಷೆಯಲ್ಲಿ ಒಂದೊಂದು ಚುಕ್ಕೆ ಇಟ್ಟಿದ್ದೆ. ಎಲ್ಲವೂ ಪ್ರಾರ್ಥನೆಗೆ ನಿಂತ ಮಕ್ಕಳ ಹಾಗೆ ಒಂದೇ ಓರೆಗೆರೆಯ ಮೇಲಿದ್ದವು. ಒಂದು ಮಾತ್ರ ಗೆರೆ ಬಿಟ್ಟು ಮೇಲೆ ಹೋಗಿ ಕೂತಿತ್ತು. ನಮ್ಮ ಪ್ರಯೋಗಾಲಯದಲ್ಲಿ ಅಂಥದ್ದಕ್ಕೆ 'ತಲೆಹರಟೆ' ಎಂದು ಹೆಸರು. ಕಂಡ ಕೂಡಲೇ ಒರೆಸುವುದು ಹಿರಿಯರಿಂದ ಬಂದ ಪದ್ಧತಿ.

"ಅದು ತಪ್ಪಲ್ಲ ಸರ್. ಆರ್ಗಾನ್ ಅನಿಲ ತಾಮ್ರದಿಂದ ಕೊಡಿಸಿದ ಹೆಚ್ಚಿನ ಬೆಳಕು."

"ಅಂದ್ರೆ?"

ಅಜ್ಜಿಯ ತೊಡೆಯ ಮೇಲೆ ಬೆಳೆದವಳು ನಾನು. ಸೂತ್ರಕ್ಕಿಂತ ಮೊದಲು ಕಥೆಯೇ ಬಾಯಿಗೆ ಬರುತ್ತದೆ.

"ನಮ್ಮ ಕೊಳವೇಲಿ ಚೂರೇ ಚೂರು ಆರ್ಗಾನ್ ಇದೆ. ವಿದ್ಯುತ್ ಹರಿದ್ರೆ ಅದು ಎಲೆಕ್ಟ್ರಾನ್ ಕಳ್ಕೊಂಡು ಅಯಾನಾಗುತ್ತೆ. ಓಡಿ ಹೋಗಿ ತಾಮ್ರದ ಬಿಲ್ಲೆಗೆ ಗುದ್ದುತ್ತೆ. ಬಿಲ್ಲೆಯಿಂದ ಪರಮಾಣುಗಳು ಸಿಡಿದು ಬರ್ತವೆ. ಹಾಗೆ ಬಂದ ತಾಮ್ರಕ್ಕೆ ದಾರೀಲಿ ಇನ್ನೊಂದು ಆರ್ಗಾನ್ ಅಯಾನು ಎದುರಾಗಿ ಅದರ ಎಲೆಕ್ಟ್ರಾನ್ ಕಿತ್ಕೊಳ್ಳುತ್ತೆ. ಬರಿಗೈಲಿ ಬಿಡಲ್ಲ ಸರ್, ಮಿಕ್ಕ ಶಕ್ತಿನ ತಾಮ್ರಕ್ಕೇ ಕೊಡುತ್ತೆ. ಅಷ್ಟು ಶಕ್ತಿ ತಾಮ್ರದ ಅಯಾನನ್ನ ಸರಿಯಾಗಿ ಒಂದು ಮೆಟ್ಟಿಲ ಮೇಲೆ ಕೂರಿಸುತ್ತೆ. ಅಲ್ಲಿಂದ ಇಳಿಯುವಾಗ ಬರೋ ಬೆಳಕೇ ಈ ಚುಕ್ಕೆ. ಆ ಮೆಟ್ಟಿಲಲ್ಲಿ ಕೂತವು ಜಾಸ್ತಿ, ಬೆಳಕೂ ಜಾಸ್ತಿ, ಅದಕ್ಕೇ ಗೆರೆಗಿಂತ ಮೇಲಿದೆ."

"ಅಜ್ಜಿ ಕಥೆ. ಅಳೆಯೋ ಯಂತ್ರ ಆ ಜಾಗದಲ್ಲಿ ಸುಳ್ಳು ಹೇಳ್ತಿದೆ, ಅಷ್ಟೇ."

"ಹಾಗಾದ್ರೆ ಆರ್ಗಾನ್ ಬದಲು ನಿಯಾನ್ ತುಂಬಿ ನೋಡೋಣ. ನಿಯಾನ್ ಕೊಡೋ ಶಕ್ತಿ ಜಾಸ್ತಿ, ಕೂರಿಸೋ ಮೆಟ್ಟಿಲೂ ಬೇರೆ. ಯಂತ್ರದ ಸುಳ್ಳಾದ್ರೆ ಚುಕ್ಕೆ ಅಲ್ಲೇ ಇರುತ್ತೆ. ನನ್ನ ಮಾತು ನಿಜವಾದ್ರೆ ಗೆರೆಗೆ ಇಳಿಯುತ್ತೆ."

ಅನಿಲದ ಉಸ್ತುವಾರಿ ನೋಡುವ ಗೆಳೆಯನಿಗೆ ಮೈಕಟ್ಟಿನಿಂದಲೇ ಸಿಲಿಂಡರ್ ಎಂಬ ಹೆಸರು ಬಂದಿತ್ತು. ಸ್ಪ್ಯಾನರ್ ತಿರುಗಿಸುತ್ತಾ ಗೊಣಗಿದ, "ಹುತ್ತಕ್ಕೆ ಕೈ ಹಾಕ್ತಿದೀಯ ತಾಯಿ. ಇಳೀಲಿಲ್ಲ ಅಂದ್ರೆ?"

"ನಾನೇ ಒರೆಸ್ತೀನಿ."

ನೇರಳೆ ಹೊಳಪಿದ್ದ ಕೊಳವೆಯಲ್ಲಿ ಕೆಂಡದ ಬಣ್ಣ ಹತ್ತಿಕೊಂಡಿತು. ಪರದೆಯ ಮೇಲೆ ಒಂದೊಂದೇ ಚುಕ್ಕೆ ಮೂಡಿತು. ನನ್ನ ತಲೆಹರಟೆ ತೆಪ್ಪಗೆ ಗೆರೆಗೆ ಇಳಿದಿತ್ತು. ಅದರ ಬದಲು ಇಷ್ಟು ದಿನ ಸಾಧುವಾಗಿದ್ದ ಇನ್ನೊಂದು ಎದ್ದು ನಿಂತಿತ್ತು.

ಸರ್ ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸಿಕೊಂಡರು.

"ಸರಿ, ನಿಜ ಇರಬಹುದು. ಆದ್ರೂ ತೆಗೆದುಬಿಡು. ನಾನು ಇಷ್ಟು ವರ್ಷ ಒರೆಸಿದ್ದೆಲ್ಲ ಏನು ಅಂತ ಜನ ಕೇಳ್ತಾರೆ."

ಅವರ ದನಿ ಕುಗ್ಗಿತ್ತು. ಪಾಪ ಅನಿಸಿತು. ಆದರೂ ಚುಕ್ಕೆ ಒರೆಸಲು ಕೈ ಹೋಗಲಿಲ್ಲ.

"ತೆಗೆಯಲ್ಲ ಸರ್."

"ಸಹಿ ಬೇಡ್ವಾ?"

"ಬೇಕು. ಚುಕ್ಕೆ ಇರೋ ಹಾಳೆಗೇ ಬೇಕು. ಇಲ್ಲಾಂದ್ರೆ ಸಹಿ ಜಾಗ ಖಾಲಿ ಬಿಟ್ಟೇ ಕಚೇರಿಗೆ ಕೊಡ್ತೀನಿ. ಯಾಕೆ ಖಾಲಿ ಅಂತ ಅವರು ಕೇಳಿದ್ರೆ ಆರ್ಗಾನಿಂದು, ನಿಯಾನಿಂದು ಎರಡೂ ನಕ್ಷೆ ತೋರಿಸ್ತೀನಿ."

"ಹೆದರಿಸ್ತಿದೀಯಾ?"

"ಇಲ್ಲ ಸರ್. ಕೇಳಿದ್ದಕ್ಕೆ ಉತ್ತರ ಹೇಳಬೇಕಲ್ಲ."

ಅವರು ಹೊರಗೆ ಹೋದರು. ಸಿಲಿಂಡರ್ ನನ್ನ ಮುಖ ನೋಡಿದ. ನಾನು ಎರಡೂ ನಕ್ಷೆಗಳನ್ನು ಮುದ್ರಣಕ್ಕೆ ಕೊಟ್ಟೆ, ಗೆರೆ ಬಿಟ್ಟು ನಿಂತ ಚುಕ್ಕೆಗಳನ್ನು ಇನ್ನಷ್ಟು ದಪ್ಪ ಮಾಡಿ.