ಬಾಗಿಲ ಮೇಲೆ ಕಲ್ಲು ಹಾಸಿದವರು

ಬ್ರೇಕಕ್ಕನಿಗೆ ಆ ಹೆಸರು ಅಂಟಿದ್ದು ಡ್ರೈವಿಂಗ್ ಶಾಲೆಯಲ್ಲಿ. ಕಲಿಯುವವರ ಪಕ್ಕದ ಸೀಟಿನಲ್ಲಿ ಕೂತು, ತನ್ನ ಕಾಲಡಿಗಿದ್ದ ಇನ್ನೊಂದು ಬ್ರೇಕಿನ ಮೇಲೆ ಸದಾ ಪಾದವಿಟ್ಟು, ಅರ್ಧ ಊರಿಗೇ ಸ್ಟೀರಿಂಗ್ ಹಿಡಿಯುವುದನ್ನು ಕಲಿಸಿದವಳು ಅವಳು. ಬಾಯಿ ಜೋರು, ಮನಸ್ಸು ಮೆದು. ಯಾರಿಗೂ ಬಗ್ಗದವಳು ಮನೆಯಲ್ಲಿ ಮಾತ್ರ ಅಮ್ಮನ ಒಂದು ಕೆಮ್ಮಿಗೇ ತಣ್ಣಗಾಗುತ್ತಿದ್ದಳು.

ಅಮ್ಮ ಆಸ್ಪತ್ರೆಯ ಲಾಂಡ್ರಿಯಲ್ಲಿ ನಿಂತು ನಿಂತು ಹಾಸಿಗೆ ಬಟ್ಟೆ ಇಸ್ತ್ರಿ ಮಾಡಿಯೇ ಮಂಡಿ ಸವೆಸಿಕೊಂಡವಳು. ಮಗಳಿನ್ನೂ ತೊಟ್ಟಿಲಲ್ಲಿದ್ದಾಗ ಗಂಡ ಮನೆ ಬಿಟ್ಟು ಹೋಗಿದ್ದ. ಅದರ ಬಗ್ಗೆ ಅವಳದು ಒಂದೇ ಮಾತು: ಹೋದವನು ಹೋದ, ಬಾಗಿಲಾದರೂ ಹಾಕಿಕೊಂಡು ಹೋಗಿದ್ದರೆ ಚಳಿ ಒಳಗೆ ಬರುತ್ತಿರಲಿಲ್ಲ.

ಮಂಡಿಯ ಆಪರೇಷನ್ ಆದಮೇಲೆ ಡಾಕ್ಟರು ದಿನವೂ ನಡೆಯಿರಿ ಎಂದರು. ಕೆಲಸವಿಲ್ಲದೆ ಅಲೆಯುವುದು ತನ್ನ ಜಾಯಮಾನದಲ್ಲೇ ಇಲ್ಲ ಎಂದು ಅಮ್ಮ ಹಟ ಹಿಡಿದಳು. ಆಗ ಮಗಳಿಗೆ ನೆನಪಾದದ್ದು ಡ್ರೈವಿಂಗ್ ಮೈದಾನಕ್ಕೆ ಹೋಗುವ ದಾರಿಯಲ್ಲಿದ್ದ ಪರಾಗ ಉದ್ಯಾನ. ಹಳೆಯ ಬಸ್ ಡಿಪೋ ಕೆಡವಿದ ಜಾಗದಲ್ಲಿ, ಜೇನುಹುಳು ಚಿಟ್ಟೆಗಳಿಗೆಂದೇ ನಗರಸಭೆ ಬೆಳೆಸಿದ ತೋಟ ಅದು. ಜನ ಅದನ್ನು ಜೇನುತೋಟ ಎನ್ನುತ್ತಿದ್ದರು. ಬೆಳಿಗ್ಗೆ ಅಮ್ಮನನ್ನು ಅಲ್ಲಿ ಇಳಿಸುವುದು, ಪಾಠ ಮುಗಿಸಿ ವಾಪಸು ಕರೆದುಕೊಂಡು ಹೋಗುವುದು ಎಂದಾಯಿತು.

ಮೊದಲ ದಿನ ಅಮ್ಮ ಮೂಗು ಮುರಿದಳು. ಒಂದು ಗಿಡವೂ ಸಾಲಿನಲ್ಲಿಲ್ಲ, ಎಲ್ಲ ಎದ್ದಲ್ಲಿ ಬಿದ್ದಲ್ಲಿ ಬೆಳೆದಿವೆ, ಇದನ್ನು ತೋಟ ಅಂತಾರಾ ಎಂದಳು. ಎರಡನೆಯ ದಿನ ಬೆಂಚಿನ ಎದುರಿಗಿದ್ದ ಬೋಳು ನೆಲವನ್ನು ನೋಡಿದಳು. ಬಿಸಿಲು ಬೀಳುವ ಇಳಿಜಾರು, ಒಂದು ಹುಲ್ಲುಕಡ್ಡಿ ಇಲ್ಲ, ಸುತ್ತ ಹಗ್ಗ. ಮಣ್ಣಿನ ತುಂಬ ಪೆನ್ಸಿಲ್ ಹೋಗುವಷ್ಟು ಸಣ್ಣ ತೂತುಗಳು. ಪಕ್ಕದಲ್ಲಿ ಒಂದು ಬೋರ್ಡ್. ಈ ಜೇನುಹುಳುಗಳಿಗೆ ಒಟ್ಟಾಗಿ ಬಾಳುವ ಗೂಡಿಲ್ಲ, ರಾಣಿಯಿಲ್ಲ. ಒಂದೊಂದು ತಾಯಿಯೂ ಒಬ್ಬಳೇ ನೆಲ ತೋಡಿ, ಪರಾಗ ತಂದು ಉಂಡೆ ಕಟ್ಟಿ, ಅದರ ಮೇಲೆ ಮೊಟ್ಟೆಯಿಟ್ಟು ಮಣ್ಣು ಮುಚ್ಚುತ್ತಾಳೆ. ದಯವಿಟ್ಟು ಇಲ್ಲಿ ಕಾಲಿಡಬೇಡಿ, ಎಂದು ಅದರಲ್ಲಿ ಬರೆದಿತ್ತು.

ಅಂದಿನಿಂದ ಅಮ್ಮನ ನಡಿಗೆ ಗೇಟಿನಿಂದ ಆ ಬೆಂಚಿನವರೆಗೆ, ಬೆಂಚಿನಿಂದ ಗೇಟಿನವರೆಗೆ. ಸಂಜೆ ಊಟಕ್ಕೆ ಕೂತರೆ ಅದೇ ಸುದ್ದಿ. ಒಬ್ಬಳು ಕಾಲಿನ ತುಂಬ ಹಳದಿ ಪುಡಿ ಹೊತ್ತು ಬಂದು ತನ್ನ ಬಾಗಿಲು ತಪ್ಪಿ ಪಕ್ಕದವಳ ಮನೆಗೆ ನುಗ್ಗಿದಳಂತೆ, ಪಕ್ಕದವಳು ತಲೆಯಲ್ಲೇ ಗುದ್ದಿ ಹೊರಗೆ ಹಾಕಿದಳಂತೆ. ಇನ್ನೊಬ್ಬಳು ಗಾಳಿಗೆ ಮಣ್ಣು ಕುಸಿದರೂ ಬಿಡದೆ ಮತ್ತೆ ತೋಡಿದಳಂತೆ.

"ಎಲ್ಲ ಒಂಟಿ ಹೆಂಗಸರೇ ಕಣೇ. ಒಂದು ಓಣಿ ಇದ್ದ ಹಾಗಿದೆ," ಎಂದಳು ಅಮ್ಮ.

ಅಮ್ಮ ಯಾವ ಓಣಿಯ ಮಾತಾಡುತ್ತಿದ್ದಾಳೆಂದು, ಅಂಥದೇ ಓಣಿಯಲ್ಲಿ ಬೆಳೆದ ಮಗಳಿಗೆ ಗೊತ್ತಿತ್ತು.

ಒಂದು ಬೆಳಿಗ್ಗೆ, ಬ್ಯಾಂಕಿನ ಗುಮಾಸ್ತನೊಬ್ಬನಿಗೆ ರಿವರ್ಸ್ ಕಲಿಸುತ್ತಿದ್ದಾಗ, ಅಮ್ಮನ ಫೋನ್ ಬಂತು. "ಬಾ. ಇಲ್ಲಿ ಮುಚ್ಚುತ್ತಾ ಇದ್ದಾರೆ," ಎಂದಳು. ಅಮ್ಮನ ಅಂಥ ದನಿಯನ್ನು ಬ್ರೇಕಕ್ಕ ಹಿಂದೆಂದೂ ಕೇಳಿರಲಿಲ್ಲ. ಗಾಡಿ ಜೇನುತೋಟಕ್ಕೆ ತಿರುಗಿಸು ಎಂದು ಗುಮಾಸ್ತನಿಗೆ ಹೇಳಿದಳು. ಅಲ್ಲಿಯವರೆಗೆ ಎರಡನೇ ಗೇರು ದಾಟದಿದ್ದ ಆ ಮನುಷ್ಯ ಅವಳ ಮುಖ ನೋಡಿದ್ದೇ ನಾಲ್ಕಕ್ಕೆ ಹಾಕಿದ.

ಹಗ್ಗ ಇರಲಿಲ್ಲ. ಬೋಳು ನೆಲದ ಅರ್ಧಕ್ಕೆ ಮರಳು ಸುರಿದು, ಸಿಮೆಂಟಿನ ಚೌಕ ಕಲ್ಲುಗಳನ್ನು ಜೋಡಿಸಿಯಾಗಿತ್ತು. ನೆಲ ಕುಟ್ಟುವ ಯಂತ್ರ ಗಡಗಡ ಎನ್ನುತ್ತ ಅದರ ಮೇಲೆ ಓಡಾಡುತ್ತಿತ್ತು. ಬೋರ್ಡ್ ಮಾತ್ರ ಇದ್ದಲ್ಲೇ ಇತ್ತು. ದಯವಿಟ್ಟು ಕಾಲಿಡಬೇಡಿ ಎಂಬ ಸಾಲಿನ ಕೆಳಗೇ ಗಾರೆಯವನು ತನ್ನ ಚಪ್ಪಲಿ ಬಿಟ್ಟಿದ್ದ. ಹೂವಿನಿಂದ ಮರಳಿದ ಜೇನುಹುಳುಗಳು ಕಾಲ ತುಂಬ ಪರಾಗ ಹೊತ್ತುಕೊಂಡೇ ಕಲ್ಲುಗಳ ಮೇಲೆ ಸುತ್ತುತ್ತಿದ್ದವು. ಇಳಿಯುವುದು, ಸಂದಿಯಲ್ಲಿ ಮೂತಿ ಇಟ್ಟು ನೋಡುವುದು, ಮತ್ತೆ ಏಳುವುದು. ಅಮ್ಮ ಊರುಗೋಲನ್ನು ಬೆಂಚಿನ ಮೇಲೇ ಬಿಟ್ಟು, ಉಳಿದರ್ಧ ನೆಲದ ಅಂಚಿಗೆ ಹೋಗಿ ಕೈ ಅಡ್ಡ ಹಿಡಿದು ನಿಂತಿದ್ದಳು.

ಗಾರೆಯವನು ಅಳುಮುಖ ಮಾಡಿಕೊಂಡು, ಅಜ್ಜಿ ಪಕ್ಕಕ್ಕೆ ಬನ್ನಿ, ಮೇಲಿನವರು ಹೇಳಿದ್ದನ್ನು ಮಾಡುತ್ತಿದ್ದೇನೆ ಅಷ್ಟೇ ಎನ್ನುತ್ತಿದ್ದ. ಬ್ರೇಕಕ್ಕ ಅವನನ್ನು ಬೈಯಲಿಲ್ಲ. ಇನ್ನೂ ಒಂದು ಲೋಡು ಕಲ್ಲು ಬರುವುದಿದೆ ಎಂದು ಅವನ ಬಾಯಿಂದಲೇ ತಿಳಿದುಕೊಂಡಳು. ಹೊರಗೆ ಹೋಗಿ, ಲಾರಿ ಒಳಬರುವ ಹಿಂಬದಿಯ ಗೇಟಿಗೆ ಡ್ರೈವಿಂಗ್ ಶಾಲೆಯ ಕಾರನ್ನು ಅಡ್ಡ ನಿಲ್ಲಿಸಿ, ಕೀ ತೆಗೆದು ಕೈಚೀಲಕ್ಕೆ ಹಾಕಿಕೊಂಡಳು. ಗುಮಾಸ್ತ ಬಸ್ಸು ಹಿಡಿದು ಬ್ಯಾಂಕಿಗೆ ಹೋದ.

ಲಾರಿ ಬಂತು, ಹಾರನ್ ಹೊಡೆದೂ ಹೊಡೆದೂ ಸುಮ್ಮನಾಯಿತು. ಜನ ಸೇರಿದರು. ವಾಕಿಂಗಿಗೆ ಬಂದ ಒಬ್ಬರು, ಹುಳಕ್ಕೋಸ್ಕರ ಇಷ್ಟೆಲ್ಲ ರಂಪ ಯಾಕೆ, ಮಕ್ಕಳಿಗೆ ಕಚ್ಚಿದರೆ ಏನು ಗತಿ ಎಂದರು. ಜೇನುತೋಟಕ್ಕೆ ಬಂದು ಜೇನು ಇರಬಾರದು ಅನ್ನುವವರು ಈಜುಕೊಳಕ್ಕೆ ಹೋಗಿ ನೀರು ಖಾಲಿ ಮಾಡಿಸುತ್ತೀರಾ ಎಂದು ಬ್ರೇಕಕ್ಕ ಕೇಳಿದಾಗ ಅವರು ಹೊಸ ಸುತ್ತು ಹೊರಟುಬಿಟ್ಟರು.

ಕೊನೆಗೆ ಉದ್ಯಾನ ವಿಭಾಗದ ಅಧಿಕಾರಿಯೇ ಬಂದರು. ಬ್ರೇಕಕ್ಕನ ಹಳೆಯ ಶಿಷ್ಯ. ಕ್ಲಚ್ಚು ಬಿಡಲು ಬಾರದೆ ಅವಳಿಂದ ಸಾಕಷ್ಟು ಬೈಸಿಕೊಂಡವರು. ಈಗ ಮೇಡಂ ಮೇಡಂ ಎನ್ನುತ್ತ, ತಗ್ಗಿದ ದನಿಯಲ್ಲಿ ವಿವರಿಸಿದರು. ಈ ಜಾಗ ಬೋಳುತಲೆಯ ಹಾಗೆ ಕಾಣುತ್ತದೆಂದು ದೂರುಗಳಿವೆ. ಇಲ್ಲಿ ಫೈಬರಿನ ದೊಡ್ಡ ಚಿಟ್ಟೆರೆಕ್ಕೆ ನಿಲ್ಲಿಸುತ್ತಾರೆ, ಜನ ಅದರ ನಡುವೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಪರಾಗಸ್ಪರ್ಶದ ಬಗ್ಗೆ ಜಾಗೃತಿ ಮೂಡುತ್ತದೆ.

"ಈ ಬೋರ್ಡ್ ನೆಟ್ಟಿದ್ದು ನೀವೇ ಅಲ್ವಾ?" ಎಂದು ಬ್ರೇಕಕ್ಕ ಕೇಳಿದಳು.

"ಅದು ಬೇರೆ ವಿಭಾಗ ಮೇಡಂ."

"ಬರೆಯೋಕೆ ಬೇರೆ ವಿಭಾಗ, ಹೂಳೋಕೆ ಬೇರೆ ವಿಭಾಗ."

ಅಧಿಕಾರಿ ಬೆವರು ಒರೆಸಿಕೊಂಡರು. "ಅವು ಬೇರೆ ಕಡೆ ಹೋಗ್ತಾವೆ ಬಿಡಿ. ರೆಕ್ಕೆ ಇದೆಯಲ್ಲ."

ನೆಲದ ಅಂಚಿನಿಂದ ಕದಲದೆಯೇ ಅಮ್ಮ ಹೇಳಿದಳು. "ರೆಕ್ಕೆ ಇರೋದು ತಾಯಂದಿರಿಗೆ ಸಾರ್. ಒಳಗಿರೋ ಮಕ್ಕಳಿಗೆ ಇನ್ನೂ ಬಂದಿಲ್ಲ."

ಯಂತ್ರದವನು ತಾನಾಗಿಯೇ ಯಂತ್ರ ನಿಲ್ಲಿಸಿದ. ಅಧಿಕಾರಿ ಫೋನ್ ಹಿಡಿದು ದೂರ ಹೋಗಿ ಮಾತಾಡಿ, ಸದ್ಯಕ್ಕೆ ಕೆಲಸ ನಿಲ್ಲಿಸುತ್ತೇವೆ ಎಂದರು. ಹಾಸಿದ ಕಲ್ಲು ತೆಗೆಸಿ ಎಂದು ಅಮ್ಮ ಪಟ್ಟು ಹಿಡಿದಳು. ಅದಕ್ಕೆ ಬೇರೆ ಆದೇಶ ಬೇಕಂತೆ. ಹಾಕುವುದಕ್ಕೆ ಒಂದು ಮಾತು ಸಾಕಾಯಿತು, ತೆಗೆಯುವುದಕ್ಕೆ ಆದೇಶ ಬೇಕಾಯಿತು. ಗಾರೆಯವನು ಮಾತ್ರ ಯಾರನ್ನೂ ಕೇಳದೆ, ಕುಟ್ಟದೆ ಉಳಿದಿದ್ದ ಅಂಚಿನ ಕಲ್ಲುಗಳನ್ನು ಎತ್ತಿ, ಮರಳನ್ನು ಕೈಯಿಂದಲೇ ಬಳಿದು ತೆಗೆದ. ಅಷ್ಟರಲ್ಲಿ ಪೊಲೀಸರು ಬಂದು ಕಾರಿನ ಚಕ್ರಕ್ಕೆ ಬೀಗ ಜಡಿದಿದ್ದರು.

ಡ್ರೈವಿಂಗ್ ಶಾಲೆಯ ಮಾಲೀಕ ಕೆಂಡವಾದ. ಕಲಿಸುವವಳೇ ಗೇಟಿಗೆ ಗಾಡಿ ಅಡ್ಡ ಹಾಕಿದರೆ ಶಾಲೆಯ ಮಾನ ಏನಾಗಬೇಕು ಎಂದು ಹಾರಾಡಿ, ಅವಳನ್ನು ಪಾಠಕ್ಕೆ ಬರಬೇಡ ಎಂದ. ಹದಿನೈದು ದಿನ ಕಳೆಯುವುದರೊಳಗೆ ಅವಳೇ ಬೇಕೆಂದು ಕಲಿಯುವವರು ಗಲಾಟೆ ಮಾಡಿದ್ದರಿಂದ ತಾನೇ ಮನೆಗೆ ಬಂದು ಕರೆದ. ಅವಳು ಹೋದಳು, ನಗಲಿಲ್ಲ.

ಕಲ್ಲು ಹಾಸಿದ ಅರ್ಧ ಹಾಗೆಯೇ ಉಳಿಯಿತು. ಕೆಲವು ದಿನ ಜೇನುಹುಳುಗಳು ಅದರ ಮೇಲೆ ಸುತ್ತಿದವು. ಆಮೇಲೆ ಸುತ್ತುವವೂ ಇಲ್ಲವಾದವು. ಉಳಿದರ್ಧದಲ್ಲಿ ಓಣಿ ಮತ್ತೆ ಗಿಜಿಗುಟ್ಟಿತು. ಹೋಗಲಿ ಬಿಡು, ಅಷ್ಟಾದರೂ ಉಳಿಯಿತಲ್ಲ ಎಂದು ಮಗಳು ಸಮಾಧಾನ ಹೇಳಿದ್ದಕ್ಕೆ, ಅರ್ಧ ಮನೆ ಸುಟ್ಟುಹೋದವನಿಗೆ ಹಾಗೆ ಹೇಳಿ ನೋಡು ಎಂದು ಅಮ್ಮ ಸಿಡುಕಿದಳು.

ಒಂದೆರಡು ತಿಂಗಳ ಮೇಲೆ ಹಳೆಯ ಬೋರ್ಡ್ ಹೋಗಿ ಮಿರಿಮಿರಿ ಹೊಸತು ಬಂತು. ನಗರಸಭೆಯ ವಿಶೇಷ ಕಾಳಜಿಯಿಂದ ಸಂರಕ್ಷಿಸಲಾದ ಜೇನುನೆಲೆ, ಎಂದು ಅದರಲ್ಲಿತ್ತು. ಬ್ರೇಕಕ್ಕನ ಮೈ ಉರಿದುಹೋಯಿತು. ಕೈಚೀಲದಿಂದ ಕೀ ತೆಗೆದು ಆ ಬಣ್ಣವನ್ನೆಲ್ಲ ಕೆರೆಯಲು ಹೊರಟವಳ ಕೈಯನ್ನು ಅಮ್ಮ ಹಿಡಿದಳು.

"ಇರಲಿ ಬಿಡು. ಬೋರ್ಡ್ ಇದ್ರೆ ಜನ ನಿಲ್ತಾರೆ."

ಅಂದಿನಿಂದ ಯಾರಾದರೂ ನಿಂತು ಅದನ್ನು ಓದತೊಡಗಿದರೆ ಅಮ್ಮ ಬೆಂಚಿನ ಮೇಲೆ ಒಂಚೂರು ಸರಿದು ಅವರಿಗೆ ಜಾಗ ಮಾಡುತ್ತಾಳೆ. ಅವರು ಓದಿ ಮುಗಿಸುವವರೆಗೂ ಕಾಯುತ್ತಾಳೆ. ಆಮೇಲೆ ಕಲ್ಲು ಹಾಸಿದ ಕಡೆ ಕೈ ತೋರಿಸಿ, ಬೋರ್ಡಿನಲ್ಲಿ ಬರೆಯದೆ ಬಿಟ್ಟಿದ್ದನ್ನು ಒಂದೂ ಬಿಡದೆ ಹೇಳುತ್ತಾಳೆ. ಅಧಿಕಾರಿ ಈಗ ತಪಾಸಣೆಗೆ ಬಂದರೆ ಆ ದಾರಿ ಹಿಡಿಯುವುದೇ ಇಲ್ಲವಂತೆ.