ಸಿಹಿ ಬರುವ ಹೊತ್ತು

"ತಲೆ ಅಲ್ಲಾಡಿಸ್ಬೇಡಿ. ಸೀನ್ಬೇಡಿ, ಮೂಗು ಎಳ್ಕೋಬೇಡಿ. ಗಂಟಲಲ್ಲಿ ಸಿಹಿ ಅನ್ಸಿದ ತಕ್ಷಣ ಹೇಳಿ," ಎನ್ನುತ್ತ ನರ್ಸ್ ಇರ್ಮೆಲಿ ಸ್ಯಾಕರಿನ್ನಿನ ಒಂದು ಕಣವನ್ನು ಹಿಲ್ಕಾಳ ಬಲಹೊಳ್ಳೆಯೊಳಗಿಟ್ಟು ಗಡಿಯಾರ ಒತ್ತಿದಳು.

ಮೂಗಿನೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ರೋಮಗಳು ಲೋಳೆಯನ್ನು ಹಿಂದಕ್ಕೆ ತಳ್ಳುತ್ತಿರುತ್ತವೆ. ಕಣವೂ ಅದರ ಜೊತೆ ಗಂಟಲು ಸೇರಬೇಕು. ಸರಿಯಿದ್ದ ಮೂಗಿಗೆ ಹತ್ತು ಹದಿನೈದು ನಿಮಿಷ ಸಾಕು. ಆಪರೇಷನ್ನಿಗೆ ಮುಂಚೆ ಹಿಲ್ಕಾಳಿಗೆ ಐವತ್ತೆರಡು ಹಿಡಿದಿತ್ತು. ಸೈನಸ್ಸಿನ ಕಿಂಡಿಗಳನ್ನು ಅಗಲ ಮಾಡಿ ಈಗ ಮೂರು ತಿಂಗಳು.

ಔಲು ಊರಿನ ಬೇಕರಿಯಲ್ಲಿ ಇಪ್ಪತ್ತೇಳು ವರ್ಷ ರೈ ಧಾನ್ಯದ ಹುದುಗು ಹಿಟ್ಟಿನ ಹುಳಿಯನ್ನು ಮೂಸಿಯೇ ಹದ ಹೇಳಿದವಳು ಅವಳು. ಹೋದ ವರ್ಷ ಮೂಗು ಕಟ್ಟಿಹೋಗಿ, ಹುಳಿ ಕೆಟ್ಟದ್ದು ಅವಳಿಗೆ ತಿಳಿಯದೆ ಇಡೀ ದಿನದ ಬ್ರೆಡ್ಡು ಹಂದಿಗಳ ಪಾಲಾಯಿತು. "ವಾಸಿಯಾಯ್ತು ಅಂತ ಚೀಟಿ ತಗೊಂಡು ಸೋಮವಾರ ಬಾ ತಾಯಿ. ಇಲ್ದಿದ್ರೆ ನಾನು ಬೇರೆಯವರನ್ನ ನೋಡ್ಕೋಬೇಕಾಗತ್ತೆ," ಎಂದಿದ್ದ ಮಾಲೀಕ ರೈಮೊ.

"ಬಂತಾ?"

"ಇಲ್ಲ."

ಇಪ್ಪತ್ತು ದಾಟಿತು. ಎಷ್ಟು ಸಲ ಉಗುಳು ನುಂಗಿದರೂ ಬೆಳಗಿನ ಕಾಫಿಯ ಕಹಿಯೇ. ಇಪ್ಪತ್ನಾಲ್ಕಕ್ಕೆ ಅವಳ ಬಾಯಿ ತಾನಾಗಿ ಆಡಿತು. "ಬಂತು."

"ನೋಡಿದ್ರಾ! ಅರ್ಧಕ್ಕರ್ಧ ಇಳೀತು! ಡಾಕ್ಟ್ರು ಕುಣಿದಾಡ್ತಾರೆ," ಇರ್ಮೆಲಿ ನಗುತ್ತ ಬರೆದುಕೊಂಡಳು. ಆ ನಗು ನೋಡಲಾಗದೆ ಹಿಲ್ಕಾ ಕೋಟು ತೊಟ್ಟು ಹೊರಬಿದ್ದಳು.

ಬಸ್ ನಿಲ್ದಾಣದಲ್ಲಿ ಹಿಮ ಬೀಳುತ್ತಿತ್ತು. ಬಸ್ಸು ಬಂದು ಬಾಗಿಲು ತೆರೆಯುವಷ್ಟರಲ್ಲಿ ಸಿಹಿ ಬಂತು. ನಾಲಗೆಯ ಬುಡದಲ್ಲಿ, ಒಗರಿನಷ್ಟು ಗಾಢವಾಗಿ. ಕೈಗಡಿಯಾರ ನೋಡಿದಳು. ನಲವತ್ತೊಂದು ನಿಮಿಷ.

"ಹತ್ತೀರೋ ಇಲ್ವೋ ಅಮ್ಮ? ಚಳಿ ಒಳಗೆ ನುಗ್ತಿದೆ," ಡ್ರೈವರ್ ಕೇಳಿದ.

ಅವಳು ಆಸ್ಪತ್ರೆಯ ಕಡೆ ತಿರುಗಿ ನಡೆದಳು.

"ಸುಳ್ಳು ಹೇಳ್ದೆ ಇರ್ಮೆಲಿ. ಬಂದಿದ್ದು ಈಗ."

ಇರ್ಮೆಲಿ ಬೈಯಲಿಲ್ಲ. ಬರೆದದ್ದನ್ನು ಹೊಡೆದು ಹಾಕಿದಳು. "ಕಿಂಡಿ ತೆಗೆಯೋದು ಒಂದು ಗಂಟೆ ಕೆಲಸ. ರೋಮ ಚಿಗುರೋಕೆ ಕೆಲವರಿಗೆ ಆರು ತಿಂಗಳೂ ಸಾಲಲ್ಲ. ಈಗ್ಲೇ ಹಿಟ್ಟಿನ ಧೂಳಿಗೆ ಹೋದ್ರೆ ಏನಾಗತ್ತೋ."

"ಹಾಗಾದ್ರೆ ಸೋಮವಾರ..."

"ಚೀಟಿ ಸಿಗಲ್ಲ ಹಿಲ್ಕಾ."

ಹಿಲ್ಕಾ ಕೋಟು ಬಿಚ್ಚದೆಯೇ ಕುಳಿತಳು. ಹಿಟ್ಟು ಹತ್ತದ ಬೆರಳುಗಳನ್ನು ಮಡಿಲಲ್ಲಿ ಹೆಣೆದುಕೊಂಡಳು. ಇರ್ಮೆಲಿ ಒಂದು ಲೋಟ ನೀರು ತಂದುಕೊಟ್ಟು ಪಕ್ಕದ ಕುರ್ಚಿ ಎಳೆದುಕೊಂಡಳು. ಬೂಟಿನ ಹಿಮ ಕರಗಿ, ನೆಲದ ಮೇಲೆ ಸಣ್ಣ ಗೆರೆಯಾಗಿ, ಬಲು ನಿಧಾನವಾಗಿ ಬಾಗಿಲ ಕಡೆಗೆ ಹರಿಯುತ್ತಿತ್ತು.