ಲೆನ್ಸಿನ ಮೇಲಿನ ಅಂಟು

ರಾತ್ರಿ ಹನ್ನೊಂದರ ಮೇಲೆ ಇನ್ನೊಂದು ಸಲ ಟಿಕ್ ಎಂದು ಸದ್ದಾಯಿತು. ನನ್ನ ಕೈಯಲ್ಲಿದ್ದ ಮೊಬೈಲಿನದು. ಫೋಟೊ ಈ ಸಲವೂ ಮಂಜು ಮಂಜಾಗಿಯೇ ಬಂದಿತ್ತು.

ಹೋದ ವಾರ ಹರಾಜಿಗೆ ಹೋದ ನಮ್ಮ ಹೊಗೆಸೊಪ್ಪಿನ ಎರಡು ಬೇಲು ವಾಪಸು ಬಂದಿದ್ದವು. ನಿಂಬೆ ಬಣ್ಣದ ಎಲೆಗಳ ನಡುವೆ ಕಂದು ಎಲೆ ಸೇರಿವೆ ಎಂದರಂತೆ. ನಮ್ಮಲ್ಲಿ ಬಣ್ಣ ನೋಡಿ ಎಲೆ ವಿಂಗಡಿಸುವವರು ಅತ್ತೆ ಚಾಮುಂಡಮ್ಮ. ಇಪ್ಪತ್ತೈದು ವರ್ಷದಿಂದ ವಿಂಗಡಿಸುವ ಚಾಪೆ ಅವರದು. ಹನಗೋಡಿನ ಸುತ್ತ ಯಾರಿಗೆ ಅನುಮಾನ ಬಂದರೂ ಎಲೆ ಹಿಡಿದುಕೊಂಡು ಅವರ ಹತ್ತಿರವೇ ಬರುತ್ತಿದ್ದರು. ಬೇಲು ದಾರಿಯಲ್ಲಿ ಅದಲುಬದಲಾಗಿವೆ ಎಂಬುದು ನನ್ನ ಗಂಡ ಧರ್ಮೇಂದ್ರರ ನಂಬಿಕೆ. ಹುಣಸೂರಿನಲ್ಲಿ ಕೊಂಡ ಹೊಸ ಮೊಬೈಲನ್ನು ನನ್ನ ಕೈಗಿಟ್ಟು, "ಒಂದೊಂದು ಕಟ್ಟಿಂದೂ ಫೋಟೊ ತೆಗೆದಿಡು. ಯಾವನು ಬದಲಾಯಿಸ್ತಾನೆ ನೋಡ್ಕತೀನಿ," ಎಂದು ಸೊಪ್ಪು ಬೇಯಿಸುವ ಬ್ಯಾರನ್ನಿನ ಬೆಂಕಿ ಕಾಯಲು ಹೋಗಿದ್ದರು.

ಬಲ್ಬಿನ ಹತ್ತಿರ ಹಿಡಿದೆ, ಕೈಯನ್ನು ಮೊಣಕಾಲಿಗೆ ಆನಿಸಿದೆ. ಕೊನೆಗೆ ಮೊಬೈಲನ್ನು ತಿರುಗಿಸಿ ನೋಡಿದರೆ ಲೆನ್ಸಿನ ಮೇಲೆ ಕಪ್ಪು ಅಂಟು. ಹಸಿ ಸೊಪ್ಪು ಮುರಿದ ಕೈಗೆ ಹತ್ತುವ ಅಂಟು. ನಮ್ಮ ಮನೆಯ ಲೋಟ, ಚಿಲಕ, ನನ್ನ ಸೆರಗು, ಎಲ್ಲದರಲ್ಲೂ ಇದೆ. ಎಣ್ಣೆ ಬಟ್ಟೆಯಿಂದ ಒರೆಸಿ, ಒಣ ಬಟ್ಟೆಯಿಂದ ಮತ್ತೆ ಒರೆಸಿದೆ.

ಟಿಕ್. ಈಗ ಎಲೆಯ ನರವೂ ಕಾಣುತ್ತಿತ್ತು. ನಿಂಬೆ ಬಣ್ಣದ ಕಟ್ಟಿನಲ್ಲಿ ಮೂರು ಕಂದು ಎಲೆಗಳೂ ಕಾಣುತ್ತಿದ್ದವು. ಫೋಟೊ ಬಿಟ್ಟು ಕಟ್ಟನ್ನೇ ನೋಡಿದೆ. ಅಲ್ಲೂ ಇದ್ದವು. ಅತ್ತೆ ಕಟ್ಟಿದ್ದನ್ನು ಮತ್ತೆ ನೋಡುವ ರೂಢಿ ನಮ್ಮಲ್ಲಿ ಯಾರಿಗೂ ಇರಲಿಲ್ಲ.

ಹಳೆಯ ಫೋಟೊ, ಹೊಸ ಫೋಟೊ ಎರಡನ್ನೂ ಪಕ್ಕದ ಚಾಪೆಯಲ್ಲಿ ಎಲೆ ವಿಂಗಡಿಸುತ್ತಿದ್ದ ಅತ್ತೆಗೆ ತೋರಿಸಿದೆ. "ಯಾವುದು ಚೆನ್ನಾಗೈತೆ ಅತ್ತೆ?"

ಅವರು ಮೊಬೈಲನ್ನು ಮೂಗಿನ ಹತ್ತಿರ ತಂದು, ಆಮೇಲೆ ದೂರ ಹಿಡಿದರು. "ಎಲ್ಡೂ ಒಂದೇ ಕಣವ್ವ, ಮಂಜು ಮುಸುಕ್ದಂಗೆ. ಇದುಕ್ಕೆ ಅಷ್ಟೊಂದು ದುಡ್ಡು ಕೊಟ್ನಾ? ಅವ್ನ ನೆತ್ತಿಗೆ ಎಣ್ಣೆ ತಟ್ಟಬೇಕು."

"ಬಲ್ಬು ಸಣ್ಣದು ಅತ್ತೆ."

"ನಾನೂ ಅದ್ನೇ ಬಡ್ಕೊತಾ ಇವ್ನಿ. ಬಲ್ಬು ಬುಡು, ಈಚೆಗೆ ಸೂರ್ಯನೇ ಮಂಕಾಗೋವ್ನೆ."

ಅವರ ಬೆರಳು ನಿಲ್ಲಲಿಲ್ಲ. ಒಂದು ಕಂದು ಎಲೆಯನ್ನೆತ್ತಿ, ಎಂದಿನಷ್ಟೇ ಖಚಿತವಾಗಿ, ನಿಂಬೆ ಬಣ್ಣದ ರಾಶಿಗೆ ಇಟ್ಟರು.

ಈ ಫೋಟೊ ನೋಡಿದರೆ ಧರ್ಮೇಂದ್ರ ನಾಳೆಯೇ ಆ ಚಾಪೆಯ ಮೇಲೆ ಬೇರೆಯವರನ್ನು ಕೂರಿಸುತ್ತಾರೆ. ಅವರು ಕೆಟ್ಟವರಲ್ಲ, ದಣಿದವರು. ದಣಿದಾಗ ಅವರ ಮಾತು ಎದುರುಮನೆಗೂ ಕೇಳುತ್ತದೆ.

ಅತ್ತೆ ಮಲಗಿದ ಮೇಲೆ ಹನ್ನೊಂದು ಕಟ್ಟು ಬಿಚ್ಚಿ, ಕಂದು ಎಲೆ ಹೆಕ್ಕಿ, ಮತ್ತೆ ಕಟ್ಟಿದೆ. ಮೂರು ಗಂಟೆಯಾಯಿತು. ಆ ಸ್ಪಷ್ಟ ಫೋಟೊ ಅಳಿಸಿದೆ. ನನ್ನ ನಿದ್ದೆಗಣ್ಣಿಗೆ ತಪ್ಪಿದ ಕಂದು ಎಲೆ ಒಂದಿದ್ದರೂ ಕಾಣಬಾರದೆಂದು, ಅಂಟಾಗಿದ್ದ ಹೆಬ್ಬೆರಳನ್ನು ಲೆನ್ಸಿನ ಮೇಲೆ ಒತ್ತಿ, ಎಲ್ಲ ಕಟ್ಟುಗಳದೂ ಹೊಸದಾಗಿ ಫೋಟೊ ತೆಗೆದೆ.

ಬೆಳಿಗ್ಗೆ ಧರ್ಮೇಂದ್ರ ನೋಡಿ, "ಎಲ್ಲಾ ಮಂಜೇನಾ?" ಎಂದರು.

"ಮೊಬೈಲೇ ಅಂಥದ್ದು," ಎಂದೆ.

ಹಂಗಾಮು ಮುಗಿಯಲು ಇನ್ನೂ ಆರು ವಾರ. ಅಷ್ಟೂ ದಿನ ರಾತ್ರಿ ಕಟ್ಟು ಬಿಚ್ಚಬೇಕು. ಆಮೇಲೆ ನನ್ನ ಕಣ್ಣುನೋವಿನ ನೆಪ ಹೇಳಿ ಅತ್ತೆಯನ್ನೂ ಮೈಸೂರಿನ ಕಣ್ಣಿನ ಡಾಕ್ಟರ ಹತ್ತಿರ ಕರೆದೊಯ್ಯುತ್ತೇನೆ. ರಾತ್ರಿ ನಾನು ಮಾಡುವುದನ್ನು ಮಾತ್ರ ಯಾರಿಗೂ ಹೇಳುವುದಿಲ್ಲ, ಅತ್ತೆಗೂ.